ಎಡಕ್ಕ ಜಗ್ಗತೈತಿ

ಮೊದಲ ಹೇಳಿದಾಕಿ ಶೇವಂತಾ.
ಅಂಗನವಾಡಿಯಾಕಿ, ಕಲಿಯಾಕ ಬಂದು ನಾಕನೇ ದಿನ.
"ಬಾಯಾರ, ನಾ ಸೀದಾನ ಹಿಡದೀನ್ರಿ,
ಗಾಡೀನ ಎಡಕ್ಕ ಜಗ್ಗತೈತಿ."

ಉಮದಿ ರಸ್ತೇದ ಅಂಚಿನಾಗ, ಗಟಾರಕ್ಕ ಒಂದ ಗೇಣಿನ ಮ್ಯಾಲ
ಮುಂದಿನ ಗಾಲಿ ನಿಂತಿತ್ತು.
ನನ್ನ ಕಾಲು ನನ್ನ ಕಡೆ ಬ್ರೇಕಿನ ಮ್ಯಾಲ.
ಕುಣಿಯಾಕ ಬರಲಾರದಾಕಿ ನೆಲಾ ಡೊಂಕ ಅಂದ್ಲಂತ,
ಅಂದುಬಿಟ್ಟೆ.
ಅಕಿ ಮಾರಿ ಸಣ್ಣದಾತು.
ಮರುದಿನ ಬರಲಿಲ್ಲ.

ಹಾಜಿಲಾಲ ನದಾಫನ ಗ್ಯಾರೇಜು
ಜತ್ತದ ಮಾರ್ಕೆಟ್ ಯಾರ್ಡಿನ ಹಿಂದ.
ಪಾಟಿ ಮರಾಠಿ, ಲೆಕ್ಕಾ ಉರ್ದು,
ಬೈಗುಳಾ ಮಾತ್ರ ಅಚ್ಚ ಕನ್ನಡ.
ಬಾನೆಟ್ ಎತ್ತಲಿಲ್ಲ ಅಂವ, ಪಾನಾ ಮುಟ್ಟಲಿಲ್ಲ.
"ಯಾವಾಗ ಜಗ್ಗತೈತಿ?
ಸುಮ್ನ ಹೊಂಟಾಗೋ, ಬ್ರೇಕ್ ಒತ್ತಿದಾಗೋ,
ಒತ್ತಿ ಬಿಟ್ಟ ಮ್ಯಾಲೋ?"

ಹನ್ನೊಂದ ವರ್ಷ ಡ್ರೈವಿಂಗ್ ಕಲಿಸಿದಾಕಿ ನಾ,
ಉತ್ತರ ಇರಲಿಲ್ಲ.

ಗಾಳಿ ನೋಡಿದ. ಎರಡೂ ಕಡೆ ಸಮ.
ಎಡದ ಟೈರು ಬಲಕ್ಕ, ಬಲದ್ದು ಎಡಕ್ಕ ಹಾಕಿಸಿದ.
"ತಪ್ಪು ಟೈರಿಂದಾದ್ರ
ಟೈರಿನ ಬೆನ್ನ ಹತ್ತಿ ಹೋಗತೈತ್ರಿ."
ಹೋಗಲಿಲ್ಲ. ಅಲ್ಲೇ ಇತ್ತು.

"ಇನ್ನ ನೆಲಾ," ಅಂದ.
"ನೆಲಾ ಡೊಂಕ ಇರತೈತಿ ಬಾಯಾರ,
ಮಳಿನೀರು ಹರದು ಹೋಗಲಿ ಅಂತ
ರಸ್ತಾ ಅಂಚಿಗೆ ಇಳಿಸೇ ಮಾಡಿರತಾರ."
ನಾ ಸುಮ್ನ ಕುಂತೆ.
ಶೇವಂತಾನ ಮಾರಿ ಕಣ್ಣಾಗ ಬಂತು.

ಐತವಾರ. ಮನೂಕದ ಸವಾಲು ಇಲ್ಲ.
ಯಾರ್ಡಿನ ಕಾಂಕ್ರೀಟು ಕೈಯಾಗ ಒರಸಿಧಂಗ ಸಪಾಟ,
ಅಲ್ಲಲ್ಲಿ ಒಣ ದ್ರಾಕ್ಷಿ ಮೆತ್ತಕೊಂಡು.
ಕೈ ಬಿಟ್ಟ ಹೊಡದ. ಸೀದಾ ಹೋತು.
ಬ್ರೇಕ್ ಒತ್ತಿದ, ಬಿಟ್ಟ,
ಆಮ್ಯಾಲ ಸಾವಕಾಶ, ಯಾರೋ ಕರದಂಗ,
ಎಡಕ್ಕ.

ಹುಡುಗಗ ಹೇಳಿ ತಂಬಿಗಿ ನೀರು ತರಿಸಿದ.
ಬಲದ ಗಾಲಿಗೆ ಚಿಮುಕಿಸಿದ, ಸುಮ್ನ ಇಳೀತು.
ಎಡಕ್ಕ ಚಿಮುಕಿಸಿದ, ಚುಂಯ್!
ರೊಟ್ಟಿ ಹಂಚು ಕಾದೈತೋ ಇಲ್ಲೋ ಅಂತ
ನಾ ದಿನಾ ನೋಡೂದು ಹಿಂಗ.
ಗಾಡಿಗೂ ಹಿಂಗ ನೋಡಬಹುದಂತ
ಯಾರೂ ಹೇಳಿರಲಿಲ್ಲ.

ಜಾಕ್ ಹಚ್ಚಿ ಎತ್ತಿ, ಪೈಪು ಕೊಯ್ದು ತೋರಿಸಿದ.
ಮ್ಯಾಲ ಕರೇ ಮಿಂಚು, ಒಂದ ಸೀಳಿಲ್ಲ.
ಒಳಗ ಬಾತು ಬಾತು
ಸೂಜಿ ಹೋಗುವಷ್ಟ ದಾರಿ.
"ಒತ್ತಿದ್ದು ಒಳಗ ಹೋಗತೈತ್ರಿ.
ಬಿಟ್ಟದ್ದು ಹೊರಗ ಬರೂದಿಲ್ಲ.
ಹಿಡಕೊಂಡ ಕುಂದರತೈತಿ."
ನಮ್ಮ ದೊಡ್ಡಣ್ಣ ನೆನಪಾದ.
ಹೇಳಲಿಲ್ಲ. ಆರನೂರಾ ನಲವತ್ತು ಕೊಟ್ಟೆ.

ಮನಿ ಕಡೆ ಹೊಂಟೆ.
ಗಾಡಿ ಬಲಕ್ಕ ಹೋತು.

ನಿಲ್ಲಿಸಿ, ಇಳದು, ನಾಕೂ ಗಾಲಿ ನೋಡಿದೆ.
ಮತ್ತ ಹೊಂಟೆ. ಮತ್ತ ಬಲಕ್ಕ.
ಎದರಿಗಿ ಬಂದ ಕಬ್ಬಿನ ಟ್ರ್ಯಾಕ್ಟರ್
ಕಿವಿ ಹರಿಯುವಂಗ ಹಾರ್ನ್ ಹೊಡೀತು.
ಆಗ ಕೈ ನೋಡಕೊಂಡೆ.
ಮಣಿಕಟ್ಟು ಒಂದ ಕೂದಲೆಳಿ ಬಲಕ್ಕ ತಿರುಗಿತ್ತು,
ಎಷ್ಟ ತಿಂಗಳಿಂದ ಹಂಗೈತೋ,
ನಂಗ ತಿಳಸದನ.

ಗಾಡಿ ಜಗ್ಗಿದ್ದು ನಂಗ ಗೊತ್ತಾಗಿರಲಿಲ್ಲ,
ಯಾಕಂದ್ರ ನಾನೂ ಜಗ್ಗತಿದ್ದೆ.

ರಾತ್ರಿ ರಜಿಸ್ಟರ್ ತಗದೆ.
ದೀಪಾವಳಿಯಿಂದ ಈಚೆ ಲೈಸೆನ್ಸ್ ತಗೊಂಡಾವ್ರು ಹದಿನೇಳು.
ಮಿರಜಿಗೆ ಹಾಲಿನ ಟೆಂಪೋ ಹೊಡಿಯಾಂವ ಒಬ್ಬ,
ಸಂಖದ ಬ್ಯಾಂಕಿನಾಕಿ, ಮೊನ್ನೆ ಲಗ್ನಾದ ಜೋಡಿ.
"ಚೂರ ಬಲಕ್ಕ ಹಿಡೀರಿ," ಅಂದಿದ್ದೆ ಎಲ್ಲಾರಿಗೂ,
ಪಾಠ ಅಂತ.
ಫೋನ್ ಹಚ್ಚಿ ಏನಂತ ಹೇಳಲಿ?
ಮೂರ ಮಂದಿಗೆ ಹೇಳಿದೆ. ಒಬ್ಬ ನಕ್ಕ.
ಉಳದಾವ್ರಿಗೆ ನಾಳೆ.

ಮುಂಜಾನೆ ಶೇವಂತಾನ ಮನಿ ಮುಂದ ಹಾರ್ನ್ ಒತ್ತಿದೆ.
ಬಂದ್ಲು. ಏನೂ ಕೇಳಲಿಲ್ಲ. ಕುಂತ್ಲು.
ಗೇರ್ ಹಾಕಿದ್ಲು.
ಸ್ಟೇರಿಂಗಿಗೆ ಹೊಂಟ ನನ್ನ ಬಲಗೈ
ತೊಡಿ ಕೆಳಗ ಇಟ್ಟು, ಮ್ಯಾಲ ಕುಂತೆ ನಾ.