ಇನ್ನೂ ಒತ್ತಕ್ಷರದಲ್ಲಿ

ಶನಿವಾರ, ಬೆಳಗಿನ ಶಾಲೆ ಮುಗಿಸಿ
ಬೀಗದ ಕೈ ಬಿಸಿಯೂಟದ ಹಾಲಮ್ಮನಿಗೆ ಕೊಟ್ಟು
ಕುಂಸಿಯಲ್ಲಿ ರೈಲು ಹತ್ತುತ್ತೇನೆ.
ಚೀಲದಲ್ಲಿ ಬುತ್ತಿ, ಎರಡು ಕನ್ನಡಕ,
ಶಿವಮೊಗ್ಗದಲ್ಲಿ ಜೆರಾಕ್ಸ್ ಮಾಡಿಸಿದ ನಲವತ್ತು ಹಾಳೆ.
ಇಂಗ್ಲಿಷು. ಸಾಲಿಗೊಂದು ಗುಡ್ಡ.

ನಲವತ್ತಾರು ನನಗೆ.
ಇಪ್ಪತ್ತೆರಡು ವರ್ಷ ಓದು ಕಲಿಸಿದವಳು
ಓದು ಕಲಿಸುವುದು ಹೇಗೆಂದು ಈಗ ಎಂ.ಎ. ಮಾಡುತ್ತಿದ್ದೇನೆ.
ಮನೆಯಲ್ಲಿ ನಗು.
ಈ ಡಿಗ್ರಿ ಬಡ್ತಿಗೂ ಬರುವುದಿಲ್ಲವೆಂದು
ಹೆಡ್ ಮೇಷ್ಟ್ರು ಬೋರಲಿಂಗಪ್ಪ
ಸುತ್ತೋಲೆ ಹುಡುಕಿ ತಂದು ತೋರಿಸಿದ್ದಾರೆ.

ಕ್ಲಾಸಿನಲ್ಲಿ ನನ್ನ ಪಕ್ಕ ಉರ್ದು ಶಾಲೆಯ ಮೆಹರುನ್ನೀಸಾ.
ಮುಂದೆ ಕೋಣಂದೂರಿನ ತೀರ್ಥಪ್ಪನವರು,
ಹಾಜರಿ ಕರೆದರೆ ಎದ್ದು ನಿಂತೇಬಿಡುತ್ತಾರೆ.
ನಮ್ಮ ಮೇಡಂ ನನಗಿಂತ ಹದಿಮೂರು ವರ್ಷ ಚಿಕ್ಕವರು.
ಧ್ವನಿ ಬೇರೆ, ಅಕ್ಷರ ಬೇರೆ, ಅರ್ಥ ಬೇರೆ ಎಂದು
ಹಲಸಿನ ತೊಳೆಯ ಹಾಗೆ ಬಿಡಿಸಿ ಬಿಡಿಸಿ ಇಡುತ್ತಾರೆ.
ಕೈಗೆ ಎಣ್ಣೆ ಹಚ್ಚಿಕೊಳ್ಳದೆ ಬಂದ ನನಗೆ
ಬರೀ ಅಂಟು.

ಒಂದು ಸಂಜೆ ಲೈಬ್ರರಿಯಲ್ಲಿ ನನ್ನನ್ನೇ ನೋಡಿಕೊಂಡೆ.
ಸಾಲಿನ ಕೆಳಗೆ ತೋರುಬೆರಳು.
ತುಟಿ ಅಲುಗುತ್ತಿದೆ.
ಬೆರಳಿಡಬೇಡ, ಕಣ್ಣಲ್ಲಿ ಓದು, ಎಂದು
ಮಕ್ಕಳ ಕೈಗೆ ಸ್ಕೇಲಿನಿಂದ ಮೆಲ್ಲಗೆ,
ಮೆಲ್ಲಗೇ ಅನ್ನಿ, ತಟ್ಟುತ್ತಿದ್ದೆ ಮೊದಲೆಲ್ಲ.
ಅಲ್ಲಿ ಯಾರೂ ತಟ್ಟಲಿಲ್ಲ.
ಬೆರಳು ಹಾಗೇ ಇತ್ತು, ಬಹಳ ಹೊತ್ತು.

*

ಪ್ರಬಂಧಕ್ಕೆ ನಾನು ಆರಿಸಿದ ಮಗು ಜಮ್ಲಿ.
ಹಾಜರಿಯಲ್ಲಿ ಜಯಮಾಲಾ ಬಾಯಿ;
ಹಾಗೆ ಕರೆದರೆ ತಿರುಗಿಯೂ ನೋಡುವುದಿಲ್ಲ.
ಮೂರನೇ ತರಗತಿ. ತಾಂಡಾದಿಂದ ನಡೆದು ಬರುತ್ತಾಳೆ.
ರಗಸದಅ ಒಂದು ಉಸಿರು, ಜವಮಬನ ಇನ್ನೊಂದು.
ಅವೇ ಅಕ್ಷರ ಪದವಾಗಿ ಬಂದು ನಿಂತರೆ
ಗುರುತು ಸಿಗದ ನೆಂಟರು.

ಮೇಡಂ ಕೊಟ್ಟ ನಮೂನೆಯಲ್ಲಿ ಎರಡೇ ಕಲಂ:
ಸರಿ. ತಪ್ಪು.
ಮೊಬೈಲು ರೆಕಾರ್ಡಿಗಿಟ್ಟು ಪೆನ್ಸಿಲ್ ಹಿಡಿದು ಕೂತೆ.
ಮ. ರ. ಮರ.
ಸರಿ.
ಮ. ನೆ. ಘರ್.
ಪೆನ್ಸಿಲ್ ನಿಂತಿತು.
ಅ. ಆಮೇಲೆ ಕೆಳಗಿನ ಮಕಾರವನ್ನು ಬೆರಳಲ್ಲಿ ಸವರಿ,
ಕಿಟಕಿಯ ಕಡೆ ನೋಡಿ,
ಯಾಡಿ, ಎಂದಳು.

ಅಮ್ಮ ಎಂದು ಬರೆದಿತ್ತು.
ಒತ್ತಕ್ಷರ ಕೊನೆಗೆ ಕಲಿಸಿ ಎನ್ನುತ್ತದೆ ಪುಸ್ತಕ.
ಮಗು ಎಲ್ಲಕ್ಕಿಂತ ಮೊದಲು ಆಡಿದ ಮಾತಿನಲ್ಲೇ
ಒಂದು ಮಕಾರ ಇನ್ನೊಂದರ ಸೆರಗು ಹಿಡಿದು ನಿಂತಿದೆ,
ಅದಕ್ಕೇನು ಮಾಡೋಣ?
ಅವಳ ಯಾಡಿ ಕಾಫಿ ಕೊಯ್ಲಿಗೆ ಹೋಗಿ ಐದು ವಾರ.
ಅದನ್ನು ಬರೆಯಲು ನಮೂನೆಯಲ್ಲಿ ಜಾಗವಿಲ್ಲ.

ತಪ್ಪು ಎಂದು ಗುರುತು ಹಾಕಿದೆ. ಅಳಿಸಿದೆ.
ಸರಿ ಎಂದು ಹಾಕಿದೆ. ಅದೂ ಸರಿಯಲ್ಲ;
ಯಾಡಿಯಲ್ಲಿ ಮಕಾರ ಎಲ್ಲಿ ಕೇಳಿಸಿತು?
ಅಳಿಸಿ ಅಳಿಸಿ ಕಾಗದ ತೂತಾಗಿ
ಕೆಳಗಿನ ಬೆಂಚು ಕಂಡಿತು.

*

ಒಂದು ಮಗು ಸಾಲದು, ಮೂವತ್ತಾದರೂ ಬೇಕು, ಎಂದರು ಮೇಡಂ
ರೆಕಾರ್ಡಿಂಗ್ ಕೇಳುತ್ತಲೇ.
ಯಾಡಿ ಬಂದಾಗ ಪೆನ್ನು ಕೆಳಗಿಟ್ಟರು.
ಇನ್ನೊಮ್ಮೆ ಹಾಕಿ.
ಹಾಕಿದೆ.
ಯಾವ ಕಲಮ್ಮಿಗೆ ಸೇರಿಸಲಿ, ಮೇಡಂ?
ನೀವೇ ಹೇಳಿ, ಎಂದರು. ಇಪ್ಪತ್ತೆರಡು ವರ್ಷ ನಿಮ್ಮದು.

ಸೋಮವಾರ ಜಮ್ಲಿ ತಾನಾಗಿಯೇ ಬಂದು ಕೇಳಿದಳು.
ಟೀಚರ್, ನೀವೂ ಸಾಲೆಗೆ ಹೋಗ್ತೀರಂತೆ, ಹೌದಾ?
ಹೌದು.
ನಿಮಗೂ ಬರಲ್ವಾ?
ಬರ್ತದೆ. ಸ್ವಲ್ಪ.
ಇನ್ನೂ ಒತ್ತಕ್ಷರದಲ್ಲಿದ್ದೇನೆ.

ಅವಳು ಯೋಚಿಸಿದಳು. ಕನಿಕರವೋ ಏನೋ,
ಬೆಂಚಿನ ಮೇಲೆ ಸರಿದು ಜಾಗ ಮಾಡಿದಳು.
ಬೆರಳಿಟ್ಕೊಂಡು ಓದಿ, ಬರ್ತದೆ.

ನಮೂನೆ ಗುರುವಾರದೊಳಗೆ ಕೊಡಬೇಕು.
ತೂತಾದ ಕಡೆ ಹಿಂದಿನಿಂದ
ಒಂದು ಚೂರು ಬಿಳಿ ಕಾಗದ ಅಂಟಿಸಿದ್ದೇನೆ.
ಅನ್ನದ ಅಂಟು. ಇನ್ನೂ ಆರಿಲ್ಲ.