ಒದ್ದೆ ಮೂಲೆ

ಮೂವತ್ತೊಂದು ವರ್ಷ ನಾನು ನೀರು ಚೆಲ್ಲಿದವನು.
ಚಿಪ್ಪಿನ ನೀರು, ಟಯರಿನ ನೀರು,
ಹೂಕುಂಡದಡಿಯ ಬಟ್ಟಲಲ್ಲಿ ಬೆರಳುದ್ದ ನಿಂತದ್ದನ್ನೂ
ಬಿಟ್ಟವನಲ್ಲ.
ಖಾಕಿ ಚೀಲ, ಕೈಯಲ್ಲೊಂದು ಸೌಟು, ಹೆಗಲಿಗೆ ಎಣ್ಣೆಯ ಪಂಪು:
ಸೀತಾಂಗೋಳಿಯವರೆಗೆ ನಾಯಿಗಳಿಗೂ ಗೊತ್ತಿತ್ತು
ಮಲೇರಿಯದ ಐತಪ್ಪ ಬಂದನೆಂದು.

ನೀರ್ಚಾಲು. ಊರಿನ ಹೆಸರಲ್ಲೇ ನೀರಿದೆ.
ಅದನ್ನೂ ಮಗುಚಿ ಬರಿದು ಮಾಡಬಹುದಿದ್ದರೆ
ಮಾಡುತ್ತಿದ್ದೆನೋ ಏನೋ, ಆಗಿನ ಉಮೇದು ಹಾಗಿತ್ತು.

ಈಗ ಪಿಂಚಣಿ. ಐದು ಸೆಂಟ್ಸು ಜಾಗ.
ಬಚ್ಚಲ ಹಿಂದಿನ ಮೂಲೆ ಪಗ್ಗು ತಿಂಗಳಲ್ಲೂ ಒಣಗುವುದಿಲ್ಲ,
ಮುರಕಲ್ಲಿನ ಬಿರುಕಿನಲ್ಲಿ ಯಾವಾಗಲೂ ಒಂದು ಒಸರು.
“ಒಂದು ಲೋಡು ಜಲ್ಲಿ, ಮೇಲೆ ಸಿಮೆಂಟು,
ಮುಗೀತು ಐತಪ್ಪಣ್ಣ” ಎಂದ ಮೇಸ್ತ್ರಿ.
ಜಲ್ಲಿಯೂ ಬಂತು. ಗೇಟಿನ ಹೊರಗೆ ರಾಶಿ ಬಿತ್ತು.

ಆ ರಾತ್ರಿ ಬಚ್ಚಲಿಗೆಂದು ಎದ್ದು ಟಾರ್ಚು ಹಾಕಿದರೆ
ಜೌಗಿನ ನಡುವೆ ಕೂತಿತ್ತು ಒಂದು ಕಪ್ಪೆ,
ಗಂಟಲು ಮಾತ್ರ ಮಿಡಿಯುತ್ತ,
ನನ್ನ ಗುರುತು ಹಿಡಿದಂತೆ.
ಎಷ್ಟು ಗೊದಮೊಟ್ಟೆಗಳ ಮೇಲೆ ಎಣ್ಣೆ ಹೊಯ್ದಿದ್ದೆನೋ!
ಲೆಕ್ಕದ ಪುಸ್ತಕದಲ್ಲಿ ಸೊಳ್ಳೆಮರಿಗೆ ಮಾತ್ರ ಕಾಲಮ್ಮಿತ್ತು.

ಬೈಯುತ್ತ ಬೈಯುತ್ತ ಮೇಸ್ತ್ರಿ ಜಲ್ಲಿ ವಾಪಸು ಒಯ್ದ.

ನಾನು ಮಾಡಿದ್ದು ಹೆಚ್ಚೇನಲ್ಲ.
ಮೊಣಕಾಲಾಳ ಅಗೆದೆ. ಹಾರೆ ಕಲ್ಲಿಗೆ ಬಡಿದು
ಹಲ್ಲಿನವರೆಗೆ ಜುಮ್ಮೆಂದಿತು.
ಒಂದು ಬದಿ ಇಳಿಜಾರು ಬಿಟ್ಟೆ, ಮರಿಗಳು ಹತ್ತಿ ಬರಲಿ.
ಸಾಬೂನಿನ ನೀರಿಗೆ ಬೇರೆ ದಾರಿ ತೋರಿಸಿದೆ.
ಒಡೆದ ಹಂಚು ಕವುಚಿಟ್ಟೆ, ಏಡಿಗೊಂದು ಮಾಡು.
ಕೊಳೆತ ಕೊರಡು, ಮಡಲು, ತೆಂಗಿನ ಸಿಪ್ಪೆ,
ವಾರಿಜ “ಇದು ಒಲೆಗೆ” ಎಂದದ್ದನ್ನೆಲ್ಲ
ಕದ್ದು ಒಯ್ದು ಒಟ್ಟಿದೆ.
ಬಜೆ ನೆಟ್ಟೆ; ಕೆಸು ಕರೆಯದೆ ಬಂತು;
ತಿಮರೆ ಹಬ್ಬಿ ಚಟ್ನಿಗೂ ಆದ ಮೇಲೆ
ವಾರಿಜ ಒಲೆಯ ಮಾತು ಬಿಟ್ಟಳು.
ಗದ್ದೆತೋಡಿನಿಂದ ಬೈರಾಸಿನಲ್ಲಿ ಹಿಡಿದು ತಂದೆ
ಹತ್ತು ಪುಟ್ಟ ಮೀನು, ನೆತ್ತಿಯಲ್ಲಿ ಬೆಳ್ಳಿಚುಕ್ಕೆ.
ಆಚೆಮನೆ ಉಮ್ಮಾಲಿಯುಮ್ಮ ಹೆಸರು ಹೇಳಿದಳು: ಮಾನತ್ತುಕಣ್ಣಿ.
ಆಕಾಶಕ್ಕೆ ಕಣ್ಣಿಟ್ಟವಳು.

ಉಳಿದದ್ದು ಕಾಯುವುದು.
ಕೈಕಟ್ಟಿ ಕೂರುವ ಈ ಕೆಲಸ
ನನ್ನ ಇಲಾಖೆ ಕಲಿಸಿರಲಿಲ್ಲ.

ಏರೋಪ್ಲೇನ್ ಚಿಟ್ಟೆ ಬಂತು,
ಬಾಲ ಅದ್ದಿ ಅದ್ದಿ ನೀರಿಗೆ ಹೊಲಿಗೆ ಹಾಕಿತು.
“ತುಂಬಿ, ತುಂಬಿ” ಎಂದಳು ಉಮ್ಮಾಲಿಯುಮ್ಮ.
ನನ್ನ ತುಂಬಿ ಕಪ್ಪು, ಹೂವಿನದು;
ಅವಳದು ಕೆಂಪು, ನೀರಿನದು.
ಒಂದೇ ಬೇಲಿಯಲ್ಲಿ ಆ ದಿನ ಎರಡೂ ಇದ್ದವು.

ಹುಂಡುಕೋಳಿ ಬಂತು, ಬಾಲ ಕುಣಿಸುತ್ತ
ಬಾಡಿಗೆಮನೆ ನೋಡುವವರ ಹಾಗೆ ಎಲ್ಲ ಇಣುಕಿ,
ಬೆಲೆ ಹೊಂದದವರ ಹಾಗೆ ಹೋಯಿತು.
ಮರುದಿನ ಸಂಸಾರಸಮೇತ ಹಾಜರು.

ನೀರೊಳ್ಳೆ ಹಾವೂ ಬಂತು.
ಆ ರಾತ್ರಿ ವಟಗುಟ್ಟುವ ಮೇಳದಲ್ಲಿ ಒಂದು ದನಿ ಕಡಿಮೆ.
ಎದ್ದು ಕೋಲು ಹಿಡಿದೆ, ಮತ್ತೆ ಇಟ್ಟೆ.
ಬನ್ನಿ ಎಂದ ಮೇಲೆ
ಒಬ್ಬೊಬ್ಬರ ಹೆಸರು ಕೇಳಿ ಒಳಬಿಡುವುದುಂಟೇ?
ನಿದ್ದೆ ಮಾತ್ರ ಬರಲಿಲ್ಲ.

ಯಾರೋ ಪಂಚಾಯತಿಗೆ ಅರ್ಜಿ ಹಾಕಿದರು.
ಹೊಸ ಇನ್‌ಸ್ಪೆಕ್ಟರು ಜಿಷಾ, ತೆಂಕಣ ಕಡೆಯ ಹುಡುಗಿ,
ಬಂದಳು; ಕೈಯಲ್ಲಿ ಅದೇ ಸೌಟು.
ಮುಳುಗಿಸಿದಳು. ಬೆಳಕಿಗೆ ಹಿಡಿದಳು.
ನನ್ನ ಎದೆ, ಪರೀಕ್ಷೆ ಬರೆದ ಮಗುವಿನದು.
ಮೂರು ಸಲ ಮುಳುಗಿಸಿದರೂ ಸೊಳ್ಳೆಮರಿಯಿಲ್ಲ.
ಹಿಂಗಾಲು ಮೂಡಿದ ಒಂದು ಗೊದಮೊಟ್ಟೆ ಮಾತ್ರ
ಸೌಟಿನಲ್ಲಿ ಸುತ್ತುಹಾಕಿತು, ಎರಡು ಸಲ.
“ಇದಿನು ಕಾಲಂ ಇಲ್ಲಲ್ಲೋ” ಎಂದು ನಕ್ಕು
ಮೆಲ್ಲಗೆ ನೀರಿಗೆ ಬಿಟ್ಟಳು.
ಪುಸ್ತಕದಲ್ಲಿ ಬರೆದಳು: ಇಲ್ಲ.
ಅವಳ ಭಾಷೆಗೂ ನನ್ನ ಭಾಷೆಗೂ ಅದೊಂದೇ ಶಬ್ದ.

ಹೋಗುವಾಗ ಗೇಟಿನ ಬಳಿ
ನಾನು ನೋಡದೆ ಬಿಟ್ಟ ಚಿಪ್ಪೊಂದರಲ್ಲಿ ಮಳೆನೀರು.
ನಿಂತು, ಚಪ್ಪಲಿಯ ತುದಿಯಿಂದ ಮಗುಚಿ ನಡೆದಳು.

ಸರಿಯೇ.
ನಾನೂ ಮಗುಚುತ್ತಿದ್ದೆ.