ಒಳಮಡಿಕೆ

"ಎರಡು ನಿಮಿಷಕ್ಕೆ ಇಳಿಸ್ಕೊಡು ಅತ್ತೆ,
ಅವನೊಬ್ಬ ಕಾಣಬಾರದು, ಅಷ್ಟೇಯ"
ಎಂದು ರಂಜಿತಾ ಪೆನ್‌ಡ್ರೈವ್ ಇಟ್ಟು ಹೋದಳು
ಅಳತೆಗೆ ಬಂದ ಯಾರದೋ ರವಿಕೆಯ ಮೇಲೆ.

ಮೂವತ್ತು ವರ್ಷದಿಂದ ಗುತ್ತಲು ರಸ್ತೆಯಲ್ಲಿ
ಕತ್ತರಿ ಹಿಡಿದ ಕೈ ನನ್ನದು.
ಲ್ಯಾಪ್‌ಟಾಪಿನ ಪರದೆಯ ಮೇಲೂ ಒಂದು ಕತ್ತರಿ ಇದೆ,
ಕಿರುಬೆರಳ ಉಗುರಿನಷ್ಟು. ಹಿಡಿ ಇಲ್ಲ, ತೂಕ ಇಲ್ಲ,
ಸಾಣೆ ಹಿಡಿಸುವ ಹಂಗಿಲ್ಲ.
ಮಹಡಿ ಮನೆಯ ತೇಜು ಹೇಳಿಕೊಟ್ಟ:
"ಇಲ್ಲಿ ಒತ್ತಿ, ಇಲ್ಲಿಗಂಟ ಎಳೀರಿ. ತಪ್ಪಾದ್ರೆ
ಈ ಬಾಗಿದ ಬಾಣ ಅದಲ್ಲ, ಅದ ಒತ್ತಿದ್ರೆ
ಕತ್ತರಿಸಿದ್ದು ವಾಪಸ್ ಅಂಟ್ಕತದೆ."
ನಗು ಬಂತು.
ಅಂಥ ಬಾಣ ಒಂದು ಇದ್ದಿದ್ದರೆ
ಆಲೆಮನೆ ಯಜಮಾನರ ಮಗಳ ರೇಷ್ಮೆ ತುಂಡಿಗೆ
ನಾನು ಎಂಟು ತಿಂಗಳು ದುಡ್ಡು ಕಟ್ಟುತ್ತಿರಲಿಲ್ಲ.

ಮದ್ದೂರಿನ ಮನೆ. ಹಂಸಿಕಾ ಹೊಸ್ತಿಲು ದಾಟಿದ ದಿನ.
ಅರಿಸಿನ ಬಳಿದ ಹೊಸ್ತಿಲು, ತಟ್ಟೆಯಲ್ಲಿ ಕೊಬ್ಬರಿ, ಬೆಲ್ಲ,
ಯಾರದೋ ಮೊಣಕಾಲು, ಒಳಗೆಲ್ಲೋ ಮಿಕ್ಸಿ ಸದ್ದು.
ಹದಿನೇಳು ನಿಮಿಷ ನಲವತ್ತು ಸೆಕೆಂಡು.

ಸುಲಭ ಅಂದುಕೊಂಡೆ.
ಅವನು ಬಾಗಿಲಲ್ಲಿ ಚಪ್ಪಲಿ ಸರಿಸುತ್ತಾನೆ, ಕತ್ತರಿಸಿದೆ.
ಹೂವಿನವಳಿಗೆ ಚಿಲ್ಲರೆ ಎಣಿಸುತ್ತಾನೆ, ಕತ್ತರಿಸಿದೆ.
ಕ್ಯಾಮೆರಾಕ್ಕೆ ಅಡ್ಡ ಬಂದು "ನಾನೂ ಬರ್ಲಾ ಬ್ಯಾಡ್ವಾ"
ಅನ್ನುತ್ತಾನೆ, ಅದೂ ಹೋಯಿತು.
ಇನ್ನೊಂದು ಕಡೆ ಚಿತ್ರವನ್ನೇ ದೊಡ್ಡದು ಮಾಡಿ
ಅವನನ್ನು ಅಂಚಿನಾಚೆ ತಳ್ಳಿದೆ. ತೋಳು ಉಳಿಯಿತು.
ತೋಳಿಗೆ ಒಂದು ಸೂರ್ಯಕಾಂತಿ ಅಂಟಿಸಿದೆ,
ಪುಕ್ಕಟೆ ಸಿಗುವ ಹೂವು, ಗರಗರ ತಿರುಗುತ್ತದೆ.

ಹನ್ನೊಂದನೆಯ ನಿಮಿಷ.
ಮಗು ಹೊಸ್ತಿಲ ಮೇಲೆ ಎರಡೂ ಅಂಗೈ ಊರಿದೆ.
ಈಚೆ ಎಲ್ಲರದೂ ಚಪ್ಪಾಳೆ. ಅದು ತಿರುಗುವುದಿಲ್ಲ.
ಆಚೆ ಜಗುಲಿಯಲ್ಲಿ ಅವನು ಕುಕ್ಕರಗಾಲಲ್ಲಿ ಕೂತು
ಬೀಗದ ಕೈ ಗೊಂಚಲು ಅಲ್ಲಾಡಿಸುತ್ತಾ
"ಬಾರವ್ವ, ಬಾ ನನ್ನವ್ವ, ಬಾ."
ಅದು ನಕ್ಕಿತು. ಎರಡೇ ಹಲ್ಲು.
ದಾಟಿತು.

ಅವನನ್ನು ತೆಗೆದು ನೋಡಿದೆ.
ಮಗು ಯಾರೂ ಇಲ್ಲದ ಬಿಸಿಲಿಗೆ ನಗುತ್ತಾ ಹೋಯಿತು.
ದನಿ ತೆಗೆದೆ. ಬಾಯಿ ಮಾತ್ರ ಅಗಲವಾಯಿತು.
ತೇಜು ಮಡಗಿದ್ದ ಕೊಳಲು ಹಾಕಿದೆ.
ಥೂ, ಸೋಪಿನ ಜಾಹೀರಾತು.
ಬಾಗಿದ ಬಾಣ ಒತ್ತಿದೆ. ಒತ್ತಿದೆ.
ಒತ್ತಿದಷ್ಟೂ ಅವನು ವಾಪಸು ಬಂದ,
ಮೊದಲು ದನಿ, ಆಮೇಲೆ ಕೈ, ಕೈಯಲ್ಲಿ ಗೊಂಚಲು.

ಅವನ ಪರ ಅಲ್ಲ ನಾನು.
ರಂಜಿತಾಳ ಕಿವಿಯ ಹಿಂದಿನ ಗಾಯಕ್ಕೆ
ಅರಿಸಿನ ಒತ್ತಿದ್ದು ಇದೇ ಬೆರಳು.
ಆ ಗೊಂಚಲಿನದೇ ಗಾಯ.

ರಾತ್ರಿ ಸಕ್ಕರೆ ಕಾರ್ಖಾನೆ ಕಡೆಯಿಂದ
ಕಾಕಂಬಿ ವಾಸನೆ ಬರತೊಡಗಿತು. ಕಿಟಕಿ ಹಾಕಿದೆ.
ಎರಡು ಮಾಡಿದೆ.
ಒಂದು, ಅವಳು ಕೇಳಿದ ಅಳತೆಯದು. ಅದರಲ್ಲಿ ಮಗು
ಹೊಸ್ತಿಲ ಈಚೆಗಿದೆ, ಆಮೇಲೆ ಆಚೆಗಿದೆ,
ನಡುವೆ ಒಂದು ಕಪ್ಪು, ರೆಪ್ಪೆ ಬಡಿದಷ್ಟು.
ಅದು ನೆಂಟರ ಗ್ರೂಪಿಗೆ ಹೋಯಿತು,
ಮೂವತ್ನಾಲ್ಕರಲ್ಲಿ ನಿಂತು, ಕರೆಂಟು ಹೋಗಿ, ಬಂದು,
ಹನ್ನೆರಡೂ ಮುಕ್ಕಾಲಿಗೆ. ಕೈಮುಗಿದ ಗೊಂಬೆಗಳು ಬಂದವು.
"ಸೂರ್ಯಕಾಂತಿ ಚೆನ್ನಾಗದೆ" ಅಂದಳು ಪಾಂಡವಪುರದ ಓರಗಿತ್ತಿ.

ಇನ್ನೊಂದನ್ನು ಯಾರಿಗೂ ಕಳಿಸಲಿಲ್ಲ.
ಬೆಳೆಯುವ ಮಕ್ಕಳ ಲಂಗಕ್ಕೆ
ಒಳಗೆ ನಾಲ್ಕು ಬೆರಳು ಬಟ್ಟೆ ಮಡಿಚಿ ಬಿಡುವುದು ರೂಢಿ.
ಮೇಲಿಂದ ಕಾಣುವುದಿಲ್ಲ. ಬೇಕಾದ ವರ್ಷ ಹೊಲಿಗೆ ಬಿಚ್ಚಿದರೆ
ಬಣ್ಣ ಮಾಸದ ಒಂದು ಪಟ್ಟಿ ಇಳಿಯುತ್ತದೆ,
ಉಳಿದ ಬಟ್ಟೆಗೆ ಅದು ಹೊಂದುವುದೂ ಇಲ್ಲ.
ಹದಿನೇಳು ನಿಮಿಷ ನಲವತ್ತು ಸೆಕೆಂಡಿಗೆ
"ಗುಂಡಿ, ಕೊಕ್ಕೆ ಲೆಕ್ಕ" ಅಂತ ಹೆಸರಿಟ್ಟೆ.

ಬೆಳಿಗ್ಗೆ ರಂಜಿತಾ ಬಂದು ಪೆನ್‌ಡ್ರೈವ್ ಇಸ್ಕೊಂಡಳು.
"ಮಿಕ್ಕಿದ್ದ ಬಿಸಾಕ್ದಾ ಅತ್ತೆ?"
ಬಾಯಲ್ಲಿ ಗುಂಡುಸೂಜಿ ಕಚ್ಚಿದ್ದೆ.
ತಲೆ ಆಡಿಸಿದೆ.
ಯಾವ ಕಡೆಗೆ ಆಡಿಸಿದೆನೋ, ಅವಳು ನೋಡಲಿಲ್ಲ.